ಘಟ್ಟದ ಕೆಳಗಿನ ರಾತ್ರಿ: ಒಬ್ಬ ಲೆಕ್ಕಪರಿಶೋಧನಾ ಸಹಾಯಕಿಯ ಮಳೆಗಾಲದ ತಿರುಗಾಟ

ಶಿರಸಿಯ ಒಂದು ಲೆಕ್ಕಪರಿಶೋಧನಾ ಕಚೇರಿ 2024ರ ಜುಲೈ ಕೊನೆಯಲ್ಲಿ ತನ್ನ ಸಿಬ್ಬಂದಿಯ ಪ್ರಯಾಣ ಭತ್ಯೆಯ ನಿಯಮವನ್ನು ತಿದ್ದಿತು. ತಿದ್ದಿದ್ದು ಒಂದೇ ಒಂದು ಸಾಲು. ಅದರ ಹಿಂದೆ ಅಂಕೋಲಾದ ಸಾಧಾರಣ ವಸತಿಗೃಹವೊಂದರ ಬಿಲ್ ಇತ್ತು. ಕಚೇರಿಯ ಸಹಾಯಕಿಯೊಬ್ಬರು ಸಲ್ಲಿಸಿದ್ದ ಆ ಬಿಲ್ಲನ್ನು ಕಚೇರಿ ಮೊದಲು ತಿರಸ್ಕರಿಸಿತ್ತು. ಕೆಲಸಕ್ಕಾಗಿ ಊರೂರು ತಿರುಗುವುದರಿಂದ ಬರುವುದೇನು, ಕಳೆದುಕೊಳ್ಳುವುದೇನು ಎಂಬ ಮಾತು ಬಂದಾಗಲೆಲ್ಲ ನಾವು ಬಸ್ಸು, ರಸ್ತೆ, ಸಂಬಳ ಎಂದು ಮಾತನಾಡುತ್ತೇವೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಬೇರೆ ಕಡೆ: ಹೋದವರು ರಾತ್ರಿ ಎಲ್ಲಿ ಕಳೆಯುತ್ತಾರೆ, ಅದನ್ನು ತೀರ್ಮಾನಿಸುವವರು ಯಾರು, ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರ ಮೇಲೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಸಹಾಯಕಿಯೊಂದಿಗೆ, ಅವರ ಕಚೇರಿಯ ಹಿರಿಯರೊಂದಿಗೆ ಮತ್ತು ಘಟ್ಟದ ಕೆಳಗಿನ ಒಂದು ಸಂಘದ ಕಾರ್ಯದರ್ಶಿಯೊಂದಿಗೆ ನಡೆಸಿದ ಮಾತುಕತೆ ಈ ಬರಹಕ್ಕೆ ಆಧಾರ. ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಕೆಲಸ, ಪಂಚಾಂಗ, ಮಳೆ

ಸಹಾಯಕಿಯ ವಯಸ್ಸು ಮೂವತ್ತೈದರ ಆಸುಪಾಸು. ಬಿ.ಕಾಂ. ಮುಗಿಸಿ ಸಹಕಾರ ನಿರ್ವಹಣೆಯ ಡಿಪ್ಲೊಮಾ ಮಾಡಿಕೊಂಡವರು. ಮನೆ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಗಂಡ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅತ್ತೆ ಮತ್ತು ಪ್ರಾಥಮಿಕ ಶಾಲೆಗೆ ಹೋಗುವ ಮಗಳು ಇದ್ದಾರೆ. ಕಚೇರಿ ಶಿರಸಿ ಪೇಟೆಯಲ್ಲಿದೆ. ಆದರೆ ಕೆಲಸದ ಬಹುಪಾಲು ನಡೆಯುವುದು ಕಚೇರಿಯ ಹೊರಗೆ, ಸಹಕಾರಿ ಸಂಘಗಳಲ್ಲಿ.

ಉತ್ತರ ಕನ್ನಡದಲ್ಲಿ ಸಹಕಾರದ ಬೇರು ಆಳವಾಗಿದೆ. ಶಿರಸಿಯಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ 1920ರದು. ಅಡಿಕೆ ಬೆಳೆಗಾರರ ಮಾರಾಟ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ 1923ರದು. ಘಟ್ಟದ ಮೇಲಿರಲಿ, ಕೆಳಗಿರಲಿ, ನಾಲ್ಕಾರು ಹಳ್ಳಿಗೊಂದು ಸೇವಾ ಸಹಕಾರಿ ಸಂಘ ಇದ್ದೇ ಇರುತ್ತದೆ. ಬೆಳೆ ಸಾಲ ಕೊಡುವುದು, ಗೊಬ್ಬರ ಮಾರುವುದು, ಪಡಿತರ ಹಂಚುವುದು, ಬಂಗಾರ ಅಡವಿಟ್ಟುಕೊಂಡು ಸಾಲ ಕೊಡುವುದು ಎಲ್ಲವೂ ಅಲ್ಲಿಯೇ. ಈ ಸಂಘಗಳ ಲೆಕ್ಕ ಪ್ರತಿ ವರ್ಷ ಪರಿಶೋಧನೆಗೆ ಒಳಗಾಗಲೇಬೇಕು. ಕೀರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಲೆಡ್ಜರ್), ಅಢಾವೆ ಪತ್ರಿಕೆ (ಆಸ್ತಿ-ಹೊಣೆಗಳ ಪಟ್ಟಿ) ನೋಡಿದರೆ ಮುಗಿಯುವುದಿಲ್ಲ. ತಿಜೋರಿಯ ನಗದು ಶಿಲ್ಕನ್ನು ಎಣಿಸಬೇಕು, ಅಡವಿನ ಬಂಗಾರದ ಪೊಟ್ಟಣಗಳನ್ನು ತೂಗಿ ನೋಡಬೇಕು, ಗೋದಾಮಿನ ದಾಸ್ತಾನನ್ನು ಕಣ್ಣಾರೆ ಕಾಣಬೇಕು. ಆದ್ದರಿಂದ ಈ ವೃತ್ತಿಯಲ್ಲಿ ಪ್ರಯಾಣ ಕೆಲಸಕ್ಕೆ ಅಂಟಿಕೊಂಡ ಹೆಚ್ಚುವರಿ ತೊಂದರೆಯಲ್ಲ. ಪ್ರಯಾಣವಿಲ್ಲದೆ ಕೆಲಸವೇ ಆಗುವುದಿಲ್ಲ.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕರ್ನಾಟಕದ ಸಹಕಾರ ಸಂಘಗಳು ವಾರ್ಷಿಕ ಸರ್ವಸಾಧಾರಣ ಸಭೆಯನ್ನು ಸೆಪ್ಟೆಂಬರ್ 25ರೊಳಗೆ ನಡೆಸಬೇಕು. ಸಭೆಯ ಮುಂದೆ ಪರಿಶೋಧಿತ ಲೆಕ್ಕ ಇರಬೇಕು. ಏಪ್ರಿಲ್, ಮೇ ತಿಂಗಳುಗಳು ಸಂಘದವರು ತಮ್ಮ ಲೆಕ್ಕವನ್ನು ಹೊಂದಿಸಿಕೊಳ್ಳುವುದರಲ್ಲಿ ಕಳೆದುಹೋಗುತ್ತವೆ. ಹೀಗಾಗಿ ಪರಿಶೋಧಕರ ಓಡಾಟದ ಕಾಲ ಜೂನ್, ಜುಲೈ, ಆಗಸ್ಟ್. ಬಯಲುಸೀಮೆಯಲ್ಲಿ ಇದೊಂದು ಸಾಮಾನ್ಯ ವೇಳಾಪಟ್ಟಿ. ಉತ್ತರ ಕನ್ನಡದಲ್ಲಿ ಮಾತ್ರ ಅದು ಮಳೆಗಾಲದ ನೆತ್ತಿಯ ಮೇಲೆ ಬಂದು ಕೂರುತ್ತದೆ.

ಮನೆಯ ಪಂಚಾಂಗವೂ ಅದೇ ತಿಂಗಳುಗಳಲ್ಲಿ ಬಿಗಿಯಾಗುತ್ತದೆ. ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ ಆಗಬೇಕು, ಎರಡನೆಯದು ಸುಮಾರು 40-45 ದಿನಗಳ ಮೇಲೆ, ಮಳೆ ಹೊಳವಾದ ಗಳಿಗೆಯನ್ನು ಹಿಡಿದು. ಮರ ಹತ್ತುವ ಕೊನೆಗಾರರು ಸಿಕ್ಕ ದಿನವೇ ಗಂಡ ತೋಟ ಬಿಟ್ಟು ಕದಲುವಂತಿಲ್ಲ. ಶಾಲೆ ಆರಂಭವಾಗುವುದೂ ಆಗಲೇ, ಮಕ್ಕಳಿಗೆ ಜ್ವರ ಬರುವುದೂ ಆಗಲೇ. ಅಂದರೆ ಹೆಂಡತಿ ಮನೆಯಿಂದ ಅತಿ ಹೆಚ್ಚು ದೂರ ಇರಬೇಕಾದ ತಿಂಗಳುಗಳಲ್ಲೇ ಗಂಡನಿಗೂ ಬಿಡುವಿಲ್ಲ. ಕೆಲಸದ ಪ್ರವಾಸದ ಬಗ್ಗೆ ಬರೆಯುವವರು ಇಂಥ ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರವಾಸ ಎಷ್ಟು ದಿನ ಎಂದು ಕೇಳುತ್ತಾರೆ, ಯಾವ ತಿಂಗಳು ಎಂದು ಕೇಳುವುದಿಲ್ಲ.

ಇನ್ನು ದಾರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕರಾವಳಿಗೆ ಇಳಿಯಬೇಕಾದರೆ ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ, ಇಲ್ಲವೇ ಯಲ್ಲಾಪುರಕ್ಕೆ ಹೋಗಿ ಅರಬೈಲು ಘಟ್ಟದಲ್ಲಿ ಅಂಕೋಲಾಕ್ಕೆ. ಕೊಂಕಣ ರೈಲು 1998ರಿಂದ ಇಡೀ ಕರಾವಳಿಯುದ್ದಕ್ಕೂ ಓಡುತ್ತಿದೆ, ಆದರೆ ಶಿರಸಿಗೆ ರೈಲು ಇಲ್ಲ; ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಡು ಮತ್ತು ನ್ಯಾಯಾಲಯಗಳ ನಡುವೆ ನಿಂತಿದೆ. ಕೆಳಗಿಳಿದ ಮೇಲೆ ಹೆದ್ದಾರಿ 66. ಅದು ಜಿಲ್ಲೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ದಾಟುತ್ತದೆ. ಒಂದು ಬದಿಗೆ ಕಡಿದ ಗುಡ್ಡ, ಇನ್ನೊಂದು ಬದಿಗೆ ನೀರು ಇರುವ ಜಾಗಗಳು ಅದರಲ್ಲಿ ಹಲವು.

ನೂರು ಕಿಲೋಮೀಟರಿನ ಗೆರೆ

ಕಚೇರಿಯ ಹಳೆಯ ನಿಯಮ ಸರಳವಾಗಿತ್ತು. ನೂರು ಕಿಲೋಮೀಟರಿನೊಳಗಿನ ಊರಿಗೆ ಹೋದರೆ ಅದೇ ದಿನ ಮರಳಬೇಕು; ಬಸ್ ಖರ್ಚು ಮತ್ತು ಒಂದು ಹೊತ್ತಿನ ಊಟದ ಹಣ ಸಿಗುತ್ತದೆ. ನೂರು ದಾಟಿದರೆ ಹಾಲ್ಟಿಂಗ್ ಭತ್ಯೆ, ಅಂದರೆ ರಾತ್ರಿ ತಂಗುವ ಖರ್ಚು. ಶಿರಸಿಯಿಂದ ಕಾರವಾರ ಈ ಗೆರೆಯ ಆಚೆ ಬೀಳುತ್ತದೆ. ಕುಮಟಾ ಸುಮಾರು 60 ಕಿ.ಮೀ., ಹೊನ್ನಾವರ ಅದರಿಂದ ಮುಂದೆ ಇನ್ನೊಂದು ಇಪ್ಪತ್ತು, ಅಂಕೋಲಾ ಕುಮಟಾ ದಾರಿಯಲ್ಲಿ ತೊಂಬತ್ತರ ಮೇಲೆ. ಮೂರೂ ಗೆರೆಯ ಈಚೆ. ಹಾಗಾಗಿ ಅಂಕೋಲಾದಲ್ಲಿ ಎರಡು ದಿನದ ಕೆಲಸವಿದ್ದರೆ ಎರಡು ಸಲ ಘಟ್ಟ ಇಳಿದು ಎರಡು ಸಲ ಹತ್ತಬೇಕು.

ಈ ನಿಯಮವನ್ನು ಮಾಡಿದವರು ಕ್ರೂರಿಗಳಲ್ಲ. ಸಣ್ಣ ಸಂಘದ ಪರಿಶೋಧನಾ ಶುಲ್ಕ ಸಣ್ಣದು. ಅದರಲ್ಲಿ ಸಂಬಳ, ಪ್ರಯಾಣ, ಕಾಗದಪತ್ರದ ಖರ್ಚು ಎಲ್ಲ ಹೊರಡಬೇಕು. ಕಚೇರಿಯ ಹಿರಿಯರು ನನಗೆ ಕೊಟ್ಟ ವಿವರಣೆಯಲ್ಲಿ ಹುರುಳಿದೆ: ಯಾವುದಾದರೂ ಒಂದು ಗೆರೆ ಇರಲೇಬೇಕಿತ್ತು, ನೂರು ಎಂಬುದು ನೆನಪಿಡಲು ಸುಲಭವಾದ ಗೆರೆ. ಆದರೆ ಹಾವೇರಿ ಕಡೆಯ ನೂರು ಕಿಲೋಮೀಟರಿಗೂ ದೇವಿಮನೆ ಇಳಿಯುವ ನೂರು ಕಿಲೋಮೀಟರಿಗೂ ಜುಲೈ ತಿಂಗಳಿನಲ್ಲಿ ಹೋಲಿಕೆಯೇ ಇಲ್ಲ. ಮಂಜು ಮುಸುಕಿದ ತಿರುವಿನಲ್ಲಿ ಎದುರಿನಿಂದ ಬರುವ ಲಾರಿಗೆ ದಾರಿ ಬಿಡಲು ಬಸ್ಸು ಹಿಂದಕ್ಕೆ ಸರಿಯುವ ಹೊತ್ತು ಯಾವ ಕಿಲೋಮೀಟರ್ ಕಲ್ಲಿನ ಮೇಲೂ ಬರೆದಿರುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಇನ್ನೊಂದು ತಿರುವು ಸೇರಿಕೊಂಡಿತು. ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಸಹಾಯಕಿಗೆ ಶೂನ್ಯ ಟಿಕೆಟ್ ಸಿಗತೊಡಗಿತು. ತೋಟದ ಕೂಲಿಗೆ ಹೋಗುವ, ಆಸ್ಪತ್ರೆಗೆ ಹೋಗುವ, ತವರಿಗೆ ಹೋಗುವ ಸಾವಿರಾರು ಹೆಂಗಸರಿಗೆ ಅದು ಕೊಟ್ಟ ನೆಮ್ಮದಿಯನ್ನು ನಾನು ಬಸ್ಸಿನಲ್ಲೇ ಕಂಡಿದ್ದೇನೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಕಚೇರಿಯಲ್ಲಿ ಆ ಟಿಕೆಟ್ಟಿನಿಂದ ಉಳಿದ ಹಣ ಸಹಾಯಕಿಯ ಕೈ ಸೇರಲಿಲ್ಲ. ಬಸ್ಸಿಗೆ ಖರ್ಚೇ ಇಲ್ಲವಾದ ಮೇಲೆ ಪ್ರಯಾಣ ಭತ್ಯೆ ಏಕೆ ಎಂದು ಮಹಿಳಾ ಸಿಬ್ಬಂದಿಯ ಬಸ್ ಭತ್ಯೆಯನ್ನು ತೆಗೆದುಹಾಕಲಾಯಿತು. ಭತ್ಯೆ ಎನ್ನುವುದು ಟಿಕೆಟ್ಟಿನ ದರ ಮಾತ್ರವೇ? ಊರಿನ ಬಸ್ ನಿಲ್ದಾಣದಿಂದ ಸಂಘದ ಬಾಗಿಲಿಗೆ ಹೋಗುವ ಆಟೋ, ಕೊನೆಯ ಬಸ್ಸು ತಪ್ಪಿದರೆ ಹಿಡಿಯಬೇಕಾದ ಖಾಸಗಿ ವಾಹನ, ನೆನೆದ ಬಟ್ಟೆಗೆ ಬದಲು ಬಟ್ಟೆ, ಶುಚಿಯಾದ ಶೌಚಾಲಯಕ್ಕಾಗಿ ಹೊಕ್ಕ ಹೋಟೆಲಿನಲ್ಲಿ ಬೇಡದಿದ್ದರೂ ಕುಡಿಯಬೇಕಾದ ಚಹಾ, ಇವೆಲ್ಲ ಹೊರಗೆ ಹೋದವರ ಖರ್ಚು. ಸರ್ಕಾರ ಹೆಂಗಸರಿಗೆ ಕೊಟ್ಟದ್ದನ್ನು ಕಚೇರಿಯೊಂದು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಸರಿಯಲ್ಲ ಎಂದು ನಾನು ಹಿರಿಯರ ಎದುರೇ ಹೇಳಿದೆ. ಈಗ ಅದು ಸರಿಹೋಗಿದೆ.

ಹೋಗಿದ್ದರಿಂದ ಕಂಡದ್ದು

ಇಷ್ಟು ಕಷ್ಟವಿದ್ದರೆ ಹೋಗುವುದಾದರೂ ಏಕೆ? ಈ ಪ್ರಶ್ನೆಗೆ ಈಗ ಹೊಸ ಬಲ ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಲೆಕ್ಕವೆಲ್ಲ ಪರದೆಯ ಮೇಲೆ ಬಂದರೆ ಶಿರಸಿಯಲ್ಲೇ ಕುಳಿತು ಪರಿಶೋಧನೆ ಮಾಡಬಹುದಲ್ಲ ಎಂದು ಕಚೇರಿಯ ಕಿರಿಯರೂ ಕೇಳುತ್ತಾರೆ. ಸಹಾಯಕಿ ಇದಕ್ಕೆ ಉತ್ತರವಾಗಿ ಎರಡು ಅನುಭವ ಹೇಳಿದರು. ಮೊದಲನೆಯದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತೇನೆ.

ಹೊನ್ನಾವರ ತಾಲ್ಲೂಕಿನ ಒಂದು ಸಂಘದ ಗೋದಾಮು. ದಾಸ್ತಾನು ಪುಸ್ತಕದಲ್ಲಿದ್ದ ಯೂರಿಯಾ ಚೀಲಗಳ ಸಂಖ್ಯೆ ಸರಿ ಇತ್ತು. ಎಣಿಸಿದಾಗಲೂ ಸರಿ ಬಂತು. 45 ಕಿಲೋ ಚೀಲಗಳನ್ನು ಗೋಡೆಗೆ ತಾಗಿಸಿ ಎದೆಯೆತ್ತರಕ್ಕೆ ಒಟ್ಟಿದ್ದರು. ಸಹಾಯಕಿ ಎಣಿಕೆಗೆ ಗುರುತು ಹಾಕಿದ ಮೇಲೆ ಬಗ್ಗಿ, ಕೆಳಗಿನ ಸಾಲಿನ ಚೀಲವೊಂದನ್ನು ಹೆಬ್ಬೆರಳಿನಿಂದ ಒತ್ತಿದರು. ಒಳಗೆ ಹೋಗಬೇಕಾದ ಬೆರಳು ಹೋಗಲಿಲ್ಲ. ಹಮಾಲರನ್ನು ಕರೆಸಿ ಮೇಲಿನ ಚೀಲಗಳನ್ನು ಇಳಿಸಿ, ಒಂದನ್ನು ಬಿಚ್ಚಿಸಿದರು. ಬಿಳಿ ಹರಳುಗಳು ಒಂದಕ್ಕೊಂದು ಅಂಟಿ ಗಟ್ಟಿ ಹೆಂಟೆಯಾಗಿದ್ದವು. ಚೀಲದ ತಳ ತೇವದಿಂದ ಕಪ್ಪಾಗಿತ್ತು. ಅಡಿಗೆ ಮರದ ಹಲಗೆ ಹಾಕದೆ ಸಿಮೆಂಟು ನೆಲದ ಮೇಲೆಯೇ ಇಟ್ಟಿದ್ದರು, ಗೋಡೆಯ ಆಚೆ ಮಾಡಿನ ನೀರು ಬೀಳುವ ಜಾಗ. ಖರೀದಿ ಪಾವತಿ ತೆಗೆಸಿ ನೋಡಿದರೆ ಅವು ಹಿಂದಿನ ಮಳೆಗಾಲಕ್ಕಿಂತ ಮೊದಲು ಬಂದ ಚೀಲಗಳು. ಮಾರ್ಚ್ 31ರ ದಾಸ್ತಾನಿನಲ್ಲಿ ಅವಕ್ಕೆ ಪೂರ್ತಿ ಬೆಲೆ ಕಟ್ಟಲಾಗಿತ್ತು. ಯಾರೂ ಕದ್ದಿರಲಿಲ್ಲ, ಸುಳ್ಳು ಬರೆದಿರಲಿಲ್ಲ. ಆದರೂ ಅಢಾವೆ ಪತ್ರಿಕೆಯಲ್ಲಿ ಆಸ್ತಿ ಎಂದು ತೋರಿಸಿದ್ದರಲ್ಲಿ ಒಂದು ಪಾಲು ರೈತ ಮುಟ್ಟದ ಕಲ್ಲಾಗಿತ್ತು. ನಷ್ಟವನ್ನು ಲೆಕ್ಕಕ್ಕೆ ತಂದರು. ಅದಕ್ಕಿಂತ ಮುಖ್ಯವಾಗಿ ಮುಂದಿನ ವರ್ಷ ಗೋದಾಮಿನಲ್ಲಿ ಹಲಗೆ ಬಂತು, ಹಳೆಯ ಚೀಲ ಮೊದಲು ಮಾರುವ ಪದ್ಧತಿ ಬಂತು. ಗಣಕದ ಪರದೆ ಚೀಲಗಳ ಸಂಖ್ಯೆಯನ್ನು ಚಾಚೂ ತಪ್ಪದೆ ತೋರಿಸುತ್ತಿತ್ತು, ಅಷ್ಟೇ.

ಎರಡನೆಯದು ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಸಂಘದ್ದು. ಅಲ್ಲಿ ಬಲೆ, ದೋಣಿಯ ಸಾಲಗಳಲ್ಲಿ ಪ್ರತಿ ವರ್ಷ ಒಂದೇ ಬಗೆಯ ಸುಸ್ತಿ (ಗಡುವು ಮೀರಿದ ಬಾಕಿ) ಕಾಣುತ್ತಿತ್ತು. ಘಟ್ಟದ ಮೇಲಿನವರ ಕಣ್ಣಿಗೆ ಅದು ಸಾಲಗಾರರ ಉದಾಸೀನ. ಸಂಘದ ಜಗುಲಿಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ಸದಸ್ಯರನ್ನು ಮಾತನಾಡಿಸಿದಾಗ ಉತ್ತರ ಸಿಕ್ಕಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಕಂತಿನ ತಾರೀಖುಗಳು ಆ ದಿನಗಳಲ್ಲೇ ಬೀಳುತ್ತಿದ್ದವು. ಸೆಪ್ಟೆಂಬರ್ ಬಂದಂತೆ ಬಾಕಿ ತನ್ನಷ್ಟಕ್ಕೇ ತುಂಬುತ್ತಿತ್ತು. ಅಡಿಕೆ ಸೀಮೆಯ ಸಾಲಕ್ಕೆ ಅಡಿಕೆ ಮಾರುವ ಕಾಲ ನೋಡಿ ಗಡುವು ಇಡುವ ನಾವು, ಮೀನಿನ ಸಾಲಕ್ಕೆ ಮೀನಿನ ಕಾಲ ನೋಡಿರಲಿಲ್ಲ. ವರದಿಯಲ್ಲಿ ಸಹಾಯಕಿ ಇದನ್ನು ಬರೆದರು, ಆಡಳಿತ ಮಂಡಳಿ ಹೊಸ ಸಾಲಗಳ ಕಂತಿನ ತಿಂಗಳುಗಳನ್ನು ಬದಲಿಸಲು ಒಪ್ಪಿತು.

ಇದಲ್ಲದೆ ತಿರುಗಾಟ ಅವರಿಗೆ ಸ್ವಂತಕ್ಕೆ ಕೊಟ್ಟದ್ದೂ ಇದೆ. ಮದುವೆಯಾಗಿ ಬಂದಾಗ ಪೇಟೆಗೆ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದ ಹೆಣ್ಣುಮಗಳು ಇವತ್ತು ಭಟ್ಕಳದಿಂದ ಸದಾಶಿವಗಡದವರೆಗೆ ಯಾವ ಸಂಘಕ್ಕೆ ಹೋದರೂ, ಆಡಳಿತ ಮಂಡಳಿಯ ಗಂಡಸರ ನಡುವೆ ಕುಳಿತು ಆಕ್ಷೇಪಣೆಯನ್ನು ಓದಿ ಹೇಳುತ್ತಾರೆ. ಕೊಂಕಣಿ ಕಲಿತಿದ್ದಾರೆ. ಊರಿನಲ್ಲಿ ಸಂಘದ ಲೆಕ್ಕದ ಅನುಮಾನ ಬಂದರೆ ಜನ ಅವರ ಮನೆಗೆ ಬರುತ್ತಾರೆ. ಸಂಬಳ ಹೆಚ್ಚಿರುವುದೂ ಹೊರಗೆ ಹೋಗುವವರಿಗೇ. ಕಚೇರಿಯಲ್ಲಿ ಕುಳಿತು ಬರೆಯುವವರಿಗೂ ಹೋಗಿ ನೋಡುವವರಿಗೂ ಅಂತರವಿದೆ, ಇರಬೇಕಾದದ್ದೇ.

ಉಂಡ ಮನೆ

ನಷ್ಟಗಳ ಮಾತಿಗೆ ಬಂದರೆ, ಬೆನ್ನುನೋವು, ಘಟ್ಟದ ತಿರುವಿನ ವಾಕರಿಕೆ, ನೀರು ಕುಡಿಯದೆ ಇಡೀ ದಿನ ಕಳೆದು ಬರುವ ಉರಿಮೂತ್ರ ಇವು ತಿರುಗಾಟದ ಕೆಲಸದ ಎಲ್ಲ ಹೆಂಗಸರಿಗೂ ಗೊತ್ತಿರುವವು. ನಾನು ಹೆಚ್ಚು ಯೋಚಿಸಿದ್ದು ಇನ್ನೊಂದರ ಬಗ್ಗೆ.

ಹಾಲ್ಟಿಂಗ್ ಭತ್ಯೆ ಇಲ್ಲ, ಕೊನೆಯ ಬಸ್ಸು ತಪ್ಪಿದೆ, ಊರಿನಲ್ಲಿ ವಸತಿಗೃಹವಿಲ್ಲ. ಆಗ ಏನು? ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಸಂಘದ ಕಾರ್ಯದರ್ಶಿಗಳ ಮನೆ. ಬಿಸಿನೀರು, ಕುಚ್ಚಲಕ್ಕಿ ಅನ್ನ, ತಂಬುಳಿ ಅಥವಾ ಮೀನು, ಒಗೆದ ಹೊದಿಕೆ. ಮಳೆ ಸುರಿಯುವ ರಾತ್ರಿ ಹೆಂಗಸೊಬ್ಬಳನ್ನು ಹೊರಗೆ ಬಿಡುವವರು ನಮ್ಮಲ್ಲಿಲ್ಲ. ಆ ಮನೆಯಾಕೆ ತೋರಿಸುವ ಅಕ್ಕರೆಯಲ್ಲಿ ಕಪಟವೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಸಹಾಯಕಿ ಮಾಡಬೇಕಾದ ಕೆಲಸ ಅದೇ ಕಾರ್ಯದರ್ಶಿಯ ಕೀರ್ದಿಯನ್ನು ತೆರೆದು ನೋಡುವುದು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಹಿರಿಯರು. ಪರಿಶೋಧಕರ ವೃತ್ತಿಯೇ ಜಂತೆ ಎಣಿಸುವುದು.

ಒಂದು ಸಂಘದಲ್ಲಿ ಹೀಗೆಯೇ ಆಯಿತು. ರಾತ್ರಿ ಕಾರ್ಯದರ್ಶಿಯ ಮನೆಯಲ್ಲಿ ಉಳಿದಿದ್ದರು. ಮರುದಿನ ಮುಂಗಡಗಳ ಖಾತೆಯಲ್ಲಿ ಆ ಕಾರ್ಯದರ್ಶಿಯ ಹೆಸರಿನಲ್ಲೇ, ತಿಂಗಳುಗಟ್ಟಲೆ ತೀರುವಳಿಯಾಗದೆ ಉಳಿದಿದ್ದ ಒಂದು ಮೊತ್ತ ಕಂಡಿತು. ದೊಡ್ಡ ಮೊತ್ತವಲ್ಲ. ಮಗಳ ಕಾಲೇಜು ಶುಲ್ಕಕ್ಕೆ ತೆಗೆದದ್ದು ಎಂದು ಅವರೇ ಒಪ್ಪಿದರು. ಹಿಂದಿನ ರಾತ್ರಿ ಅದೇ ಹುಡುಗಿ ಸಹಾಯಕಿಗೆ ಹಾಸಿಗೆ ಹಾಸಿಕೊಟ್ಟಿದ್ದಳು. ಸಹಾಯಕಿ ಆಕ್ಷೇಪಣೆ ಬರೆದರು. ಬರೆಯಲೇಬೇಕಿತ್ತು, ಬರೆದದ್ದು ಸರಿ. ಆದರೆ ಆ ವರ್ಷದಿಂದ ಆ ಮನೆಯವರು ಮಾತು ಬಿಟ್ಟರು. ತಮಗೆ ವಸತಿಗೃಹದ ಕೋಣೆಯೊಂದು ಸಿಕ್ಕಿದ್ದರೆ ಆಕ್ಷೇಪಣೆ ಅಷ್ಟೇ ಬಿಗಿಯಾಗಿರುತ್ತಿತ್ತು, ನೋವು ಇರುತ್ತಿರಲಿಲ್ಲ ಎಂದು ಸಹಾಯಕಿ ಹೇಳಿದರು. ನಾನು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಈ ಸಹಾಯಕಿ ಬರೆದರು, ಎಲ್ಲರೂ ಬರೆಯುತ್ತಾರೆಯೇ? ಒಂದು ರಾತ್ರಿಯ ಕೋಣೆ ಬಾಡಿಗೆಯನ್ನು ಉಳಿಸಲು ಹೋಗಿ ಪರಿಶೋಧನೆಯ ನೆಚ್ಚಿಕೆಯನ್ನೇ ಪಣಕ್ಕಿಡುತ್ತೇವೆ. ಸದಸ್ಯರ ಠೇವಣಿಗೆ ಇರುವ ರಕ್ಷಣೆ ಆ ನೆಚ್ಚಿಕೆಯೇ.

ಜುಲೈ 15 ಮತ್ತು 16

2024ರ ಜುಲೈ 15, ಸೋಮವಾರ. ಅಂಕೋಲಾದ ಕಡಲ ಬದಿಯ ಸಂಘದಲ್ಲಿ ಎರಡು ದಿನದ ಕೆಲಸವಿತ್ತು. ಬೆಳಗಿನ ಬಸ್ಸಿನಲ್ಲಿ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ ಅಂಕೋಲಾ ತಲುಪಿದರು. ದಿನವಿಡೀ ಜಡಿಮಳೆ. ಸಂಜೆ ಐದರ ಹೊತ್ತಿಗೆ ಬಂಗಾರದ ಪೊಟ್ಟಣಗಳ ತೂಕ ಅರ್ಧಕ್ಕೆ ನಿಂತಿತ್ತು. ನಿಯಮದಂತೆ ಆಗ ಹೊರಟು ಕತ್ತಲಲ್ಲಿ ದೇವಿಮನೆ ಹತ್ತಿ, ಮರುದಿನ ನಸುಕಿನಲ್ಲಿ ಮತ್ತೆ ಇಳಿಯಬೇಕಿತ್ತು. ಕಾರ್ಯದರ್ಶಿ ತಮ್ಮ ಮನೆಗೆ ಕರೆದರು. ಹಿಂದಿನ ಅನುಭವ ನೆನಪಿದ್ದುದರಿಂದ ಸಹಾಯಕಿ ಒಪ್ಪಲಿಲ್ಲ. ಗಂಡನಿಗೆ ಫೋನ್ ಮಾಡಿ ತಿಳಿಸಿ, ಸ್ವಂತ ಹಣದಲ್ಲಿ ಅಂಕೋಲಾ ಪೇಟೆಯಲ್ಲಿ ಕೋಣೆ ಹಿಡಿದರು.

ಮರುದಿನ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದ ಕುಟುಂಬ, ಚಹಾ ಕುಡಿಯಲು ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನೊಂದಿಗೆ ಗಂಗಾವಳಿಗೆ ಸೇರಿದರು. ಅನಿಲದ ಟ್ಯಾಂಕರ್ ನದಿಯಲ್ಲಿ ತೇಲಿಹೋಯಿತು. ಎದುರು ದಡದ ಉಳುವರೆಯ ಮನೆಗಳಿಗೂ ನೀರಿನ ಹೊಡೆತ ತಾಗಿತು. ಕೇರಳದ ಚಾಲಕರೊಬ್ಬರ ಲಾರಿಯನ್ನು, ಅದರೊಳಗಿದ್ದ ಅವರ ದೇಹವನ್ನು ನದಿಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಲ್ಲಿ ತೀರಿಕೊಂಡ ಹಲವರು ಕೆಲಸದ ದಾರಿಯಲ್ಲಿದ್ದವರು, ಇನ್ನುಳಿದವರು ಆ ದಾರಿಹೋಕರಿಗೆ ಚಹಾ ಕಾಸಿ ಕೊಟ್ಟು ಬದುಕುತ್ತಿದ್ದವರು. ಕೆಲಸದ ಪ್ರಯಾಣದ ಬಗ್ಗೆ ಏನೇ ಬರೆದರೂ ಅವರನ್ನು ನೆನೆಯದೆ ಬರೆಯುವುದು ನನ್ನಿಂದಾಗದು. ಲಾರಿ ಚಾಲಕರಿಗೆ ಹಾಲ್ಟಿಂಗ್ ಭತ್ಯೆಯ ನಿಯಮವನ್ನು ಯಾರು ಬರೆದುಕೊಟ್ಟಿದ್ದಾರೆ? ಕಡಿದ ಗುಡ್ಡದ ಬುಡವೇ ಅವರ ತಂಗುದಾಣ.

ಸಹಾಯಕಿ ಹಿಂದಿನ ರಾತ್ರಿ ಮನೆಗೆ ಹೋಗಿದ್ದರೆ ಆ ಬೆಳಿಗ್ಗೆ ಅದೇ ದಾರಿಯಲ್ಲಿ ಬರುತ್ತಿರುತ್ತಿದ್ದರು. ಗುಡ್ಡ ಜರಿದ ಕ್ಷಣದಲ್ಲಿ ಅಲ್ಲೇ ಇರುತ್ತಿದ್ದರೆಂದು ಹೇಳಲಾಗದು, ಅಂಥ ಮಾತನ್ನು ಅವರು ಇಷ್ಟಪಡುವುದೂ ಇಲ್ಲ. ಸುದ್ದಿ ಹಬ್ಬಿದಾಗ ಮನೆಯಲ್ಲಿ ಅತ್ತೆಗೆ ಗೊತ್ತಿದ್ದದ್ದು ಸೊಸೆ ಅಂಕೋಲಾ ಕಡೆ ಇದ್ದಾಳೆ ಎಂಬುದಷ್ಟೆ. ಗಂಡ ತೋಟದಲ್ಲಿದ್ದರು. ಮೊಬೈಲ್ ಸಂಪರ್ಕ ಸಿಕ್ಕಿದ್ದು ಮಧ್ಯಾಹ್ನ. ಆ ಕೆಲವು ಗಂಟೆಗಳ ಬಗ್ಗೆ ಅತ್ತೆ ಈಗಲೂ ಮಾತನಾಡುವುದಿಲ್ಲ.

ಕುಮಟಾ ದಾರಿ ಮುಚ್ಚಿದ್ದರಿಂದ ಸಹಾಯಕಿ ಅಂಕೋಲಾದಲ್ಲೇ ಇನ್ನೊಂದು ರಾತ್ರಿ ಉಳಿದು ಸಂಘದ ಕೆಲಸ ಮುಗಿಸಿದರು. ಮರುದಿನ ಯಲ್ಲಾಪುರದ ಮೇಲಾಗಿ ಅರಬೈಲು ಘಟ್ಟ ಹತ್ತಿ ಸುತ್ತುಬಳಸಿ ಮನೆ ಸೇರಿದರು.

ಒಂದು ಸಾಲು

ವಾರದ ನಂತರ ಎರಡು ರಾತ್ರಿಗಳ ಬಿಲ್ ಸಲ್ಲಿಸಿದರು. ಎರಡನೆಯ ರಾತ್ರಿಯದು ಪಾಸಾಯಿತು, ರಸ್ತೆ ಬಂದ್ ಆಗಿತ್ತಲ್ಲ. ಮೊದಲನೆಯದು ವಾಪಸ್ ಬಂತು: ಅಂಕೋಲಾ ನೂರು ಕಿಲೋಮೀಟರಿನೊಳಗಿದೆ, ಸೋಮವಾರ ಸಂಜೆ ರಸ್ತೆ ತೆರೆದಿತ್ತು. ಲೆಕ್ಕದ ಗುಮಾಸ್ತರು ನಿಯಮವನ್ನು ಓದಿದ್ದರು, ಅಷ್ಟೇ. ಸಹಾಯಕಿ ವಾದ ಮಾಡಲಿಲ್ಲ. ಒಂದು ಕಾಗದ ಬರೆದರು. ಹಣ ಕೇಳಲಿಲ್ಲ, ಮಳೆಗಾಲದಲ್ಲಿ ಘಟ್ಟ ಇಳಿದವರು ಅದೇ ದಿನ ಹತ್ತಬೇಕೋ ಬೇಡವೋ ಎಂಬುದನ್ನು ಸ್ಥಳದಲ್ಲಿ ಇರುವವರಿಗೇ ಬಿಡಬೇಕು, ಇಲ್ಲವಾದರೆ ಮುಂದಿನ ವರ್ಷದಿಂದ ತಮ್ಮನ್ನು ಕಚೇರಿಯ ಕೆಲಸಕ್ಕೆ ಹಾಕಬೇಕು ಎಂದು ಕೋರಿದರು.

ಹಿರಿಯರು ಆ ಕಾಗದವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರಂತೆ. ಆಮೇಲೆ ನಿಯಮದ ಸಾಲು ಬದಲಾಯಿತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಇಳಿಯುವ ಯಾವುದೇ ಕೆಲಸಕ್ಕೆ, ದೂರ ಎಷ್ಟೇ ಇರಲಿ, ಹಾಲ್ಟಿಂಗ್ ಭತ್ಯೆ ಉಂಟು, ಉಳಿಯುವ ತೀರ್ಮಾನ ಹೋದವರದು. ಮೊದಲ ರಾತ್ರಿಯ ಬಿಲ್ ಪಾಸಾಯಿತು. ಮಹಿಳೆಯರ ಸ್ಥಳೀಯ ಓಡಾಟದ ಭತ್ಯೆ ಮರಳಿತು. ಎಲ್ಲ ಸಿಬ್ಬಂದಿಗೆ ಗುಂಪು ಅಪಘಾತ ವಿಮೆ ಮಾಡಿಸಿದರು. ಸಂಘದ ನೌಕರರ ಮನೆಯಲ್ಲಿ ಯಾರೂ ತಂಗಬಾರದು ಎಂಬ ಸೂಚನೆಯೂ ಹೊರಟಿತು, ಅದು ನನಗೆ ತುಂಬ ಸಮಾಧಾನ ಕೊಟ್ಟ ಸೂಚನೆ.

ಹೊಸ ನಿಯಮಕ್ಕೆ ಪರೀಕ್ಷೆ ಬೇಗನೆ ಬಂತು. ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಮೇಲಿದ್ದ ಲಾರಿ ನದಿಗೆ ಬಿದ್ದರೂ ಚಾಲಕ ಬದುಕುಳಿದರು. ಆ ವಾರ ಸದಾಶಿವಗಡ ಕಡೆಯ ಒಂದು ಸಂಘದ ಸರದಿ ಇತ್ತು. ಈ ಸಲ ಕಚೇರಿಯಿಂದ ಫೋನ್ ಬಂದದ್ದು ಯಾವಾಗ ಮುಗಿಸುತ್ತೀರಿ ಎಂದು ಕೇಳಲು ಅಲ್ಲ, ಹೋಗುವುದನ್ನು ಮುಂದೂಡಬೇಕೇ ಎಂದು ಕೇಳಲು. ಸಹಾಯಕಿ ಮುಂದೂಡಿದರು. ಹೊಸ ಸೇತುವೆಯ ಮೇಲೆ ಸಂಚಾರ ಹದಕ್ಕೆ ಬಂದ ಮೇಲೆ ಹೋಗಿ, ಕಾರವಾರದಲ್ಲಿ ಉಳಿದು ಕೆಲಸ ಮುಗಿಸಿಕೊಂಡು ಬಂದರು. ಸರ್ವಸಾಧಾರಣ ಸಭೆಯ ಗಡುವು ತಪ್ಪಲಿಲ್ಲ.

ಇನ್ನೂ ಬಗೆಹರಿಯದ್ದು

ಕೆಲಸದ ಕ್ರಮವೂ ಈಗ ಬದಲಾಗಿದೆ. ಘಟ್ಟದ ಕೆಳಗಿನ ಸಂಘಗಳ ದಾಸ್ತಾನು, ಬಂಗಾರ, ಶಿಲ್ಕಿನ ತಪಾಸಣೆಯನ್ನು ಏಪ್ರಿಲ್-ಮೇ ತಿಂಗಳಲ್ಲೇ ಮುಗಿಸುತ್ತಾರೆ. ಖಾತೆಗಳನ್ನು ಓದುವ ಕೆಲಸಕ್ಕೆ ಗಣಕದ ಪ್ರತಿ ತರಿಸಿಕೊಂಡು ಮಳೆಗಾಲದಲ್ಲಿ ಶಿರಸಿಯಲ್ಲಿ ಕೂರುತ್ತಾರೆ. ಜುಲೈನಲ್ಲಿ ಹೋಗಬೇಕಾಗುವುದು ಕಂಡ ಸಂಶಯಗಳನ್ನು ಬಗೆಹರಿಸಿಕೊಳ್ಳಲು ಮಾತ್ರ. ಓಡಾಟ ಕಡಿಮೆಯಾಗಿದೆ. ಆದರೆ ಮಳೆಗಾಲದ ಗೋದಾಮನ್ನು ಮಳೆಗಾಲದಲ್ಲೇ ನೋಡಬೇಕು ಎಂಬ ಹಟವನ್ನು ಸಹಾಯಕಿ ಬಿಟ್ಟಿಲ್ಲ. ಮೇ ತಿಂಗಳಲ್ಲಿ ಯಾವ ಗೋಡೆಯೂ ಸೋರುವುದಿಲ್ಲ ಎನ್ನುತ್ತಾರೆ. ಹಾಗಾಗಿ ಗೊಬ್ಬರದ ದೊಡ್ಡ ದಾಸ್ತಾನಿರುವ ಸಂಘಗಳಿಗೆ ಜುಲೈ ಭೇಟಿ ಉಳಿದುಕೊಂಡಿದೆ.

ಮನೆಯ ಲೆಕ್ಕ ಮಾತ್ರ ಪೂರ್ತಿ ಹೊಂದಿಲ್ಲ. ಭತ್ಯೆ ಸಿಕ್ಕಿದೆ ಎಂದರೆ ರಾತ್ರಿಗಳು ಹೆಚ್ಚಾಗಿವೆ ಎಂದೂ ಅರ್ಥ. ಮೊದಲು ತಡರಾತ್ರಿಯಾದರೂ ಮನೆ ಸೇರುತ್ತಿದ್ದ ತಾಯಿ ಈಗ ಬರುವುದೇ ಮರುದಿನ. ಮಗಳು ಅದನ್ನು ಇಷ್ಟಪಡುವುದಿಲ್ಲ, ಅವಳಿಗೆ ಗುಡ್ಡ ಕುಸಿತದ ವಿಷಯ ಹೇಳಿ ಒಪ್ಪಿಸುವುದೂ ಸರಿಯಲ್ಲ. ಗಂಡ ಸಿಂಪಡಣೆಯ ವಾರಗಳನ್ನು ಮೊದಲೇ ತಿಳಿಸಿದರೆ ಆ ದಿನಗಳಲ್ಲಿ ಸಹಾಯಕಿಯ ಸರದಿ ಬಾರದಂತೆ ಕಚೇರಿ ನೋಡಿಕೊಳ್ಳುತ್ತದೆ. ಮಳೆ ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಈ ಏರ್ಪಾಡು ಅರ್ಧ ಸಲ ನಡೆಯುತ್ತದೆ.

ಖರ್ಚಿನ ಪ್ರಶ್ನೆಯೂ ಇದೆ. ಕೋಣೆ ಬಾಡಿಗೆ ಈಗ ಕಚೇರಿಯ ಗಂಟಿನಿಂದ ಹೋಗುತ್ತಿದೆ, ಶುಲ್ಕ ಹೆಚ್ಚಿಲ್ಲ. ಪರಿಶೋಧಕರನ್ನು ನೇಮಿಸುವುದು ಸಂಘದ ಸರ್ವಸಾಧಾರಣ ಸಭೆ. ನೇಮಕದ ನಿರ್ಣಯದಲ್ಲೇ, ಮಳೆಗಾಲದ ಭೇಟಿಯ ವಸತಿ ವೆಚ್ಚವನ್ನು ಸಂಘ ಪ್ರತ್ಯೇಕವಾಗಿ, ರಸೀದಿಯ ಮೇಲೆ ಭರಿಸುತ್ತದೆ ಎಂಬ ಒಂದು ವಾಕ್ಯ ಸೇರಿಸಿ ಎಂದು ಕಚೇರಿ ಘಟ್ಟದ ಕೆಳಗಿನ ಮೂರು ಸಂಘಗಳಿಗೆ ಪತ್ರ ಬರೆಯಿತು. ಸಭೆಯ ಎದುರು ಬಹಿರಂಗವಾಗಿ ಮಂಜೂರಾದ ಹಣ ಕಾರ್ಯದರ್ಶಿಯ ಮನೆಯ ಆತಿಥ್ಯಕ್ಕಿಂತ ಎಲ್ಲ ರೀತಿಯಲ್ಲೂ ಶುದ್ಧ ಎಂದು ನನಗೂ ಅನ್ನಿಸುತ್ತದೆ. ಎರಡು ಸಂಘಗಳ ಸಭೆಗಳು ಚರ್ಚೆಯಿಲ್ಲದೆ ಒಪ್ಪಿದವು. ಮೂರನೆಯ ಸಂಘದ ಸದಸ್ಯರು ಬೇಸರಪಟ್ಟುಕೊಂಡರು. ಊರಿಗೆ ಬಂದವರನ್ನು ವಸತಿಗೃಹಕ್ಕೆ ಕಳಿಸುವಷ್ಟು ತಾವು ಕೆಟ್ಟಿಲ್ಲ, ಊರಿನಲ್ಲಿ ಬೇಕಾದಷ್ಟು ಮನೆಗಳಿವೆ ಎಂದರು. ಅವರಿಗೆ ಕಾರಣವನ್ನು ವಿವರಿಸಲು ಸಹಾಯಕಿಯೇ ಮುಂದಿನ ಸಭೆಗೆ ಹೋಗುವವರಿದ್ದಾರೆ. ಅಲ್ಲಿಯವರೆಗೆ ಆ ಸಂಘದ ತಪಾಸಣೆಯನ್ನು ಮೇ ತಿಂಗಳಿನಲ್ಲಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳಿ ಮುಗಿಸುವುದೆಂದು ತೀರ್ಮಾನವಾಗಿದೆ.